ಗೊಂಬೆಗೆ ಸೀನಿಯಾರಿಟಿ ಗೊತ್ತಿಲ್ಲ

ತರಬೇತಿಗೆ ಹೋಗಬೇಕೆಂಬ ಆದೇಶ ಬಂದರೆ ಹೆರಿಗೆ ಕೋಣೆಯಲ್ಲಿ ಮೊದಲು ಕೇಳಿಬರುವ ಮಾತು, ‘ಹಾಗಾದರೆ ನೈಟ್ ಡ್ಯೂಟಿಗೆ ಯಾರು?’ ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನನಗೆ ಇಂಥ ಆದೇಶಗಳು ಹೊಸವಲ್ಲ. ಈ ಸಲದ್ದು ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿ. ಹುಟ್ಟಿದ ಕೂಡಲೇ ಉಸಿರಾಡದ ಮಗುವನ್ನು ಉಳಿಸುವುದು ಹೇಗೆಂದು ಹೆರಿಗೆ ಮಾಡಿಸುವವರಿಗೆಲ್ಲ ಕಲಿಸಲು ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ್ದು. ಸುರಪುರ, ಶಹಾಪುರ, ಗುರುಮಠಕಲ್ ಕಡೆಯವರೆಲ್ಲ ಯಾದಗಿರಿಯಲ್ಲಿ ಸೇರಿದ್ದೆವು.

ಬೆಳಗಿನ ಹೊತ್ತು ಎಂದಿನಂತೆಯೇ ಕಳೆಯಿತು. ಹಾಜರಿ ಸಹಿ, ಪೂರ್ವಪರೀಕ್ಷೆ, ಪರದೆಯ ಮೇಲೆ ಸ್ಲೈಡುಗಳು. ಪೂರ್ವಪರೀಕ್ಷೆಯಲ್ಲಿ ಬಹುತೇಕ ಎಲ್ಲರೂ ಸರಿಯಾಗಿ ಬರೆದಿದ್ದೆವು: ಮೊದಲ ಒಂದು ನಿಮಿಷವೇ ಮುಖ್ಯ, ಮಗುವನ್ನು ಒರೆಸಬೇಕು, ಬೆನ್ನು ಉಜ್ಜಬೇಕು, ಆದರೂ ಉಸಿರಾಡದಿದ್ದರೆ ಆ ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್, ಅಂದರೆ ಮುಖಕ್ಕಿಟ್ಟು ಕೈಯಿಂದ ಒತ್ತಿ ಗಾಳಿ ಕೊಡುವ ಸಾಧನ, ಹಿಡಿಯಬೇಕು. ಇದು ಗೊತ್ತಿಲ್ಲದ ನರ್ಸ್ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಶಿಕ್ಷಕ 1990ರಲ್ಲಿ ವೈದ್ಯಕೀಯ ಕೌಶಲವನ್ನು ನಾಲ್ಕು ಮೆಟ್ಟಿಲುಗಳಾಗಿ ಚಿತ್ರಿಸಿದ: ವಿಷಯ ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ನಮ್ಮ ಪರೀಕ್ಷೆಗಳು ಕೆಳಗಿನ ಎರಡು ಮೆಟ್ಟಿಲಲ್ಲೇ ಕುಳಿತಿರುತ್ತವೆ. ನಡುರಾತ್ರಿ, ಒಬ್ಬಳೇ ಇರುವಾಗ ಕೈ ಏನು ಮಾಡುತ್ತದೆಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಊಟದ ನಂತರ ಅಭ್ಯಾಸಕ್ಕೆಂದು ಮಾಡಿದ ಮಗುವಿನ ಗೊಂಬೆ ಹೊರಬಂತು. ತರಬೇತಿ ಕೊಡಲು ಕಲಬುರಗಿಯಿಂದ ಬಂದಿದ್ದ ಮಕ್ಕಳ ವೈದ್ಯರು ಮೊದಲ ಸಲ ಏನೂ ಮಾತಾಡದೆ, ನಿಜವಾದ ಹೆರಿಗೆಯ ವೇಗದಲ್ಲೇ ಎಲ್ಲವನ್ನೂ ಮಾಡಿ ಮುಗಿಸಿದರು. ಎರಡನೆಯ ಸಲ ಒಂದೊಂದನ್ನೂ ವಿವರಿಸಿದರು. ಮೂರನೆಯ ಸಲ ನಾವು ಹೇಳಿದಂತೆ ಅವರು ಮಾಡಿದರು. ನಾವು ಹೇಳಲು ಮರೆತದ್ದನ್ನು ಬೇಕೆಂದೇ ಬಿಟ್ಟುಬಿಡುತ್ತಿದ್ದರು. ನಾಲ್ಕನೆಯ ಸಲ ಬ್ಯಾಗ್ ನಮ್ಮ ಕೈಗೆ ಬಂತು. ನನಗೆ ಹಿಡಿಸಿದ್ದು ಆ ಮೂರನೆಯ ಸುತ್ತು. ಹೇಳುವವರು ನಾವಾದಾಗ, ಊಟದ ಮೇಲಿನ ತೂಕಡಿಕೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ನಮ್ಮ ನಡುವೆ ಹಿರಿಯ ಸಿಸ್ಟರ್ ಒಬ್ಬರಿದ್ದರು. ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕಾಗಿದ್ದ ಕಾಲದಿಂದ ಹೆರಿಗೆ ಮಾಡಿಸುತ್ತ ಬಂದವರು. ಚೆನ್ನಾಗಿ ಅಳುವ ಮಗುವಿನ ಬಾಯಿಗೆ ಲೋಳೆ ಹೀರಿ ತೆಗೆಯುವ ಸಕ್ಷನ್ ನಳಿಕೆ ಹಾಕುವುದು ಬೇಡ ಎಂದು ವೈದ್ಯರು ಹೇಳಿದಾಗ ಅವರು ಎದ್ದು ನಿಂತರು. “ಸರ್, ಇಷ್ಟು ವರ್ಷ ಎಲ್ಲ ಮಕ್ಕಳಿಗೂ ಸಕ್ಷನ್ ಮಾಡಿಯೇ ಬಂದಿದ್ದೇವೆ. ಯಾವ ಮಗುವಿಗೂ ಏನೂ ಆಗಿಲ್ಲ.”

ವೈದ್ಯರು ಮಾರ್ಗಸೂಚಿಯ ಪುಟ ತೆಗೆಯಲಿಲ್ಲ. “ನಳಿಕೆ ಆಳಕ್ಕೆ ಇಳಿಸಿದಾಗ ಹೊಕ್ಕುಳಬಳ್ಳಿ ಹಿಡಿದು ನಾಡಿ ನೋಡಿದ್ದೀರಾ, ಅಕ್ಕಾ?” ಎಂದು ಕೇಳಿದರು.

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ನೋಡಿದ್ದೇನೆ. ಒಮ್ಮೊಮ್ಮೆ ನಿಧಾನವಾಗುತ್ತದೆ.”

ನಳಿಕೆ ಗಂಟಲಿನ ಹಿಂಭಾಗಕ್ಕೆ ತಗುಲಿದರೆ ನರದ ಪ್ರತಿಕ್ರಿಯೆಯಿಂದ ಹೃದಯ ಬಡಿತ ಇಳಿಯಬಹುದು ಎಂಬುದು ಪಠ್ಯದ ವಿಷಯ. ಆದರೆ ಅದಕ್ಕೆ ಸಾಕ್ಷಿ ಅವರ ಬೆರಳ ತುದಿಯಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ವಯಸ್ಕರು ಕಲಿಯಲು ಬರುವಾಗ ಅನುಭವದ ಗಂಟನ್ನೂ ಹೊತ್ತು ತರುತ್ತಾರೆ, ಅದನ್ನು ಬಿಚ್ಚಿಸದೆ ಕಲಿಸಲಾಗದು ಎಂಬ ಅರ್ಥದ ಮಾತನ್ನು ಅಮೆರಿಕದ ಮಾಲ್ಕಮ್ ನೋಲ್ಸ್ ಹೇಳಿದ್ದನೆಂದು ನರ್ಸಿಂಗ್ ಓದುವಾಗ ಉರು ಹೊಡೆದಿದ್ದೆ. ಆ ಪಾಠವನ್ನು ನಮಗೆ ಓದಿ ಹೇಳಿದವರು ನಮ್ಮ ಗಂಟನ್ನು ಬಿಚ್ಚಿಸಿದ್ದು ನೆನಪಿಲ್ಲ.

ಬ್ಯಾಗ್ ಒತ್ತುವ ಸರದಿ ಬಂತು. ನಿಮಿಷಕ್ಕೆ 40ರಿಂದ 60 ಉಸಿರು. ‘ಒತ್ತು, ಎರಡು, ಮೂರು’ ಎಂದು ಎಣಿಸುತ್ತ ಒತ್ತಬೇಕು. ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಒತ್ತಿದಾಗ ಗೊಂಬೆಯ ಎದೆ ಚೆನ್ನಾಗಿ ಏರಿತು. ಅವಳ ನಂತರ ಹಿರಿಯ ಸಿಸ್ಟರ್ ಒತ್ತಿದರು, ಎದೆ ಏರಲಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ಕಾರಣ ಕಾಣುತ್ತಿತ್ತು, ಗೊಂಬೆಯ ಗದ್ದ ಎದೆಯ ಕಡೆ ಬಾಗಿತ್ತು. ಯಾರೂ ಬಾಯಿ ಬಿಡಲಿಲ್ಲ, ವೈದ್ಯರೂ ಸುಮ್ಮನಿದ್ದರು. ಸಿಸ್ಟರ್ ಇನ್ನೊಮ್ಮೆ ಒತ್ತಿದರು, ಮಾಸ್ಕ್ ಸರಿಪಡಿಸಿದರು, ಆಮೇಲೆ ತಾವೇ ಭುಜದ ಕೆಳಗೆ ಬಟ್ಟೆ ಮಡಚಿಟ್ಟು ಕತ್ತನ್ನು ತುಸು ಹಿಂದಕ್ಕೆ ತಂದರು. ಎದೆ ಏರಿತು. “ಕತ್ತು ಬಾಗಿತ್ತು” ಎಂದು ನಮ್ಮೆಲ್ಲರಿಗೂ ಕೇಳುವಂತೆ ಹೇಳಿದರು.

ಅದೇ ಮಾತನ್ನು ಆ ಹುಡುಗಿ ಹೇಳಿದ್ದರೆ ಏನಾಗುತ್ತಿತ್ತೆಂದು ಊಹಿಸಬಲ್ಲೆ. ದೊಡ್ಡವರು ಕಲಿಯಲು ಹಿಂಜರಿಯುವುದು ಬುದ್ಧಿ ಮಂದವಾಗಿ ಅಲ್ಲ; ನಾಳೆ ತಮ್ಮ ಕೈಕೆಳಗೆ ಕೆಲಸ ಮಾಡುವವರ ಎದುರು ಚಿಕ್ಕವರಾಗುವ ಭಯದಿಂದ. ಗೊಂಬೆಯಿಂದ ತಿದ್ದಿಸಿಕೊಳ್ಳುವುದರಲ್ಲಿ ಆ ಅವಮಾನವಿಲ್ಲ. ಗದರಿಸಿ ಕಲಿಸುವುದನ್ನೇ ಶಿಸ್ತು ಎಂದುಕೊಂಡ ತರಬೇತುದಾರರನ್ನೂ ನೋಡಿದ್ದೇನೆ. ಅವರ ಮುಂದೆ ನಾವು ಕಲಿತದ್ದು ತಲೆಯಾಡಿಸುವುದನ್ನು ಮಾತ್ರ.

ಈ ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕೈ ತಪ್ಪುತ್ತದೆ. ನಮ್ಮ ಆಸ್ಪತ್ರೆಯಲ್ಲೂ ಒಂದು ಗೊಂಬೆ ಇತ್ತು, ಆದರೆ ಅಲ್ಮೇರಾದೊಳಗೆ, ಸ್ಟಾಕ್ ರಿಜಿಸ್ಟರಿನ ಭಯದಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಇಟ್ಟದ್ದು. ಹರಿದುಹೋದರೆ ಯಾರು ಹೊಣೆ ಎಂಬ ವಾದ ಬಹಳ ದಿನ ನಡೆಯಿತು. ಈಗ ಅದು ಮಗುವನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದ ಟ್ರಾಲಿಯ ಮೇಲಿದೆ. ಪಾಳಿ ಬದಲಾಗುವಾಗ ಪ್ರತಿಯೊಬ್ಬರೂ ಒಂದು ನಿಮಿಷ ಬ್ಯಾಗ್ ಒತ್ತಬೇಕು ಎಂದು ನಾವು ನಾವೇ ನಿಯಮ ಮಾಡಿಕೊಂಡಿದ್ದೇವೆ. ಬಸ್ ತಪ್ಪುತ್ತದೆಂದು ಗೊಣಗುವವರಿದ್ದಾರೆ, ಗೊಣಗುತ್ತಲೇ ಒತ್ತುತ್ತಾರೆ. ವೈದ್ಯರಲ್ಲಿ ಮಾತ್ರ ಇನ್ನೂ ಯಾರೂ ಸರದಿಗೆ ಬಂದಿಲ್ಲ.