ಒಂದು ಚೂರು ಕಲ್ಲುಹೂವು

ಮಸಾಲೆ ಪುಡಿಗೆ ಹುರಿಯೋಣ ಅಂತ ಡಬ್ಬಿ ತೆಗೆದೆ. ತಳದಲ್ಲಿ ಒಂದೇ ಚೂರು ಕಲ್ಲುಹೂವು. ಒಂದು ಕಡೆ ಬೂದು, ಇನ್ನೊಂದು ಕಡೆ ಕಪ್ಪು. ಕಾಗದದಷ್ಟು ಹಗುರ.

ಸುಮ್ನೆ ನಿನ್ನೆ ನೋಡಿದ ವಿಡಿಯೊ ನೆನಪಾಯಿತು. ಸೈಬೀರಿಯಾದ ಯಮಾಲ್, ಅಲ್ಲಿನ ನೆನೆಟ್ಸ್ ಜನ, ಅವರ ಹಿಮಸಾರಂಗಗಳು. ಚಳಿಗಾಲದಲ್ಲಿ ಅವುಗಳ ಮುಖ್ಯ ಮೇವು ಇಂಥದ್ದೇ ಕಲ್ಲುಹೂವು. ಜಾತಿ ಬೇರೆ, ಬಳಗ ಒಂದೇ ಅನ್ನಿ. ಗೊರಸಿನಿಂದ ಹಿಮ ಕೆರೆದು, ಮೂತಿ ತೂರಿಸಿ ತಿನ್ನುತ್ತವೆ. ಮೇವು ಮುಗಿಯುತ್ತಾ ಬಂತೋ, ತೊಗಲಿನ ಗುಡಾರ ಬಿಚ್ಚಿ, ಕೋಲುಗಳನ್ನೆಲ್ಲ ಜಾರುಬಂಡಿಗೆ ಕಟ್ಟಿ ಮನೆಯೇ ಹೊರಡುತ್ತದೆ. ಬಿಚ್ಚುವವರು, ಮತ್ತೆ ನಿಲ್ಲಿಸುವವರು ಹೆಂಗಸರು. ಅಲ್ಲೂ ಅಷ್ಟೇ ನೋಡಿ!

ಹಿಮಕ್ಕಿಂತ ಜಾಸ್ತಿ ಭಯ ಮಳೆಯದಂತೆ. 2013ರ ನವೆಂಬರ್‌ನಲ್ಲಿ ಹಿಮದ ಮೇಲೆ ಮಳೆ ಸುರಿದು, ಹೆಪ್ಪುಗಟ್ಟಿ, ಗಾಜಿನಂಥ ಪದರ ಕೂತುಬಿಟ್ಟಿತು. ಗೊರಸು ಇಳಿಯಲಿಲ್ಲ. ಆ ಚಳಿಗಾಲ ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತವು. ಮೇವು ಕಾಲ ಕೆಳಗೇ ಇತ್ತು.

ಚೂರನ್ನು ಬಾಣಲೆಗೆ ಹಾಕಿದೆ. ಘಮ್ಮಂತ ವಾಸನೆ ಹಾಲ್‌ವರೆಗೂ ಬಂತು. ಹಿಮದಡಿಯ ಕಲ್ಲುಹೂವನ್ನು ಅವು ಮೂಸಿಯೇ ಪತ್ತೆ ಮಾಡುತ್ತವಂತೆ. ಆ ವರ್ಷವೂ ವಾಸನೆ ಬರುತ್ತಿತ್ತಾ?