ಬೆಟ್ಟದ ಮೇಲೆಯೇ ಉಳಿದ ಆರು ಮಂದಿ

ಇನ್ವರ್ನೆಸ್‌ನಿಂದ ಉಲ್ಲಾಪೂಲ್ ಮಾರ್ಗವಾಗಿ ಸ್ಕಾಟ್ಲೆಂಡಿನ ವಾಯವ್ಯ ಮೂಲೆಗೆ ಸಾಗುವವರಿಗೆ ಆಸಿಂಟ್ ಸರೋವರ ಕಾಣುವ ಹೊತ್ತಿಗೆ ಇಂಚ್‌ನಡಾಂಫ್ ಸಿಗುತ್ತದೆ. ಊರೆನ್ನಲು ಸಾಲದಷ್ಟು ಕೆಲವೇ ಮನೆಗಳು, ಒಂದು ಹೋಟೆಲು, ಒಂದು ಹಳೆಯ ಚರ್ಚು. ಚಾರಣಿಗರು ಇಲ್ಲಿಗೆ ಬರುವುದು 987 ಮೀಟರ್ ಎತ್ತರದ ಕಾನಿವಲ್ ಮತ್ತು 998 ಮೀಟರ್ ಎತ್ತರದ ಬೆನ್ ಮೋರ್ ಆಸಿಂಟ್ ಶಿಖರಗಳಿಗಾಗಿ. ಮೇ ತಿಂಗಳ ಕೊನೆಯ ವಾರದಲ್ಲಿ ಗೆಳೆಯನೂ ನಾನೂ ಬಂದದ್ದು ಶಿಖರಕ್ಕಲ್ಲ, ಅದೇ ಬೆಟ್ಟಸಾಲಿನ ಒಂದು ಇಳಿಜಾರಿನಲ್ಲಿರುವ ಸಮಾಧಿಗೆ. 1941ರಲ್ಲಿ ಅಲ್ಲಿ ಅಪ್ಪಳಿಸಿದ ತರಬೇತಿ ವಿಮಾನದ ಆರು ಮಂದಿಯನ್ನು ಬಿದ್ದ ಜಾಗದಲ್ಲೇ ಹೂಳಲಾಯಿತು. ಯುದ್ಧಕಾಲದಲ್ಲಿ ಬ್ರಿಟನ್ನಿನ ಬೆಟ್ಟಗಳಿಗೆ ಬಡಿದ ವಿಮಾನಗಳು ಹಲವು. ಸಾಮಾನ್ಯವಾಗಿ ಸತ್ತವರನ್ನು ಹೇಗಾದರೂ ಕೆಳಗೆ ತರುತ್ತಿದ್ದರು. ಇವರನ್ನೇಕೆ ತರಲಿಲ್ಲ ಎಂಬುದು ನಕ್ಷೆ ನೋಡಿದಾಗ ನನಗೆ ಹೊಳೆಯಲಿಲ್ಲ, ಏಕೆಂದರೆ ಅಲ್ಲಿ ಅದು ರಸ್ತೆಯಿಂದ ಸುಮಾರು ಐದು ಕಿಲೋಮೀಟರ್ ಅಷ್ಟೇ.

ಬೆಳಿಗ್ಗೆ ಏಳಕ್ಕೆ ಹೊರಟು ಟ್ರ್ಯಾಲಿಗಿಲ್ ಹೊಳೆಯ ಜೊತೆಗೇ ಗ್ಲೆನ್ ಡೂ ಕಣಿವೆಯೊಳಗೆ ನಡೆದೆವು. ಸುಣ್ಣಕಲ್ಲಿನ ನೆಲವಾದ್ದರಿಂದ ಈ ಹೊಳೆ ಕೆಲವೆಡೆ ಭೂಮಿಯೊಳಗೆ ಇಳಿದುಬಿಡುತ್ತದೆ. ಒಣ ಪಾತ್ರದ ಅಂಚಿನಲ್ಲಿ ನಿಂತರೆ ಅಡಿಯಲ್ಲೆಲ್ಲೋ ನೀರು ಮೊರೆಯುವುದು ಕೇಳಿಸುತ್ತದೆ. ಅಲ್ಲಿಯವರೆಗಿನ ದಾರಿ ಸಲೀಸು. ಹಾದಿಯನ್ನು ಬಿಟ್ಟು ಈಶಾನ್ಯಕ್ಕೆ ಹತ್ತತೊಡಗಿದ ಮೇಲೆ ಬೆಟ್ಟದ ನಿಜವಾದ ಸ್ವಭಾವ ತಿಳಿಯಿತು. ಮೊದಲು ಕಾಲಿಟ್ಟಲ್ಲೆಲ್ಲ ಕುಸಿಯುವ ಕಪ್ಪು ಜೌಗು, ಅದು ಮುಗಿದರೆ ಹೆಜ್ಜೆಗೊಮ್ಮೆ ಜಾರುವ ಬಿಳಿ ಕ್ವಾರ್ಟ್‌ಜೈಟ್ ಕಲ್ಲುಗಳ ರಾಶಿ. ಒಂಬತ್ತೂವರೆಯ ಹೊತ್ತಿಗೆ ಮಂಜು ಇಳಿದು, ಇಪ್ಪತ್ತು ಹೆಜ್ಜೆ ಮುಂದಿದ್ದ ಗೆಳೆಯನ ಬೆನ್ನಚೀಲ ಮಸುಕಾಯಿತು. ದಿಕ್ಸೂಚಿಯನ್ನು ಹೊರತೆಗೆದೆವು.

1941ರ ಏಪ್ರಿಲ್ 13 ಈಸ್ಟರ್ ಭಾನುವಾರ. ಪೂರ್ವ ಕರಾವಳಿಯ ಕಿನ್‌ಲಾಸ್ ವಾಯುನೆಲೆಯಲ್ಲಿ ಬಾಂಬರ್ ಸಿಬ್ಬಂದಿಯನ್ನು ತಯಾರು ಮಾಡುತ್ತಿದ್ದ 19ನೇ ಕಾರ್ಯಾಚರಣಾ ತರಬೇತಿ ಘಟಕದ ಆವ್ರೊ ಆನ್ಸನ್ ವಿಮಾನವೊಂದು ಅಂದು ದಿಕ್ಕು ಗುರುತಿಸುವ ಅಭ್ಯಾಸಕ್ಕೆಂದು ಹೊರಟಿತು. ಆನ್ಸನ್ ಎಂದರೆ ಎರಡು ಎಂಜಿನ್‌ಗಳ, ಮರದ ರೆಕ್ಕೆಯ, ಉಕ್ಕಿನ ಕೊಳವೆಗಳ ಹಂದರಕ್ಕೆ ಬಟ್ಟೆ ಹೊದಿಸಿದ ಒಡಲಿನ ವಿಮಾನ; ಅದರ ಚಕ್ರಗಳನ್ನು ಮೇಲೆಳೆಯಲು ಹಿಡಿಕೆಯೊಂದನ್ನು 140ಕ್ಕೂ ಹೆಚ್ಚು ಬಾರಿ ಕೈಯಿಂದಲೇ ತಿರುಗಿಸಬೇಕಿತ್ತು. ರೇಡಾರ್ ಇಲ್ಲದ ಅಂಥ ವಿಮಾನದಲ್ಲಿ ಕಲಿಯುವವನು ಹಾರಿದ ದಿಕ್ಕು, ವೇಗ, ಸಮಯ ಮತ್ತು ಗಾಳಿಯ ಅಂದಾಜು ಇವಿಷ್ಟನ್ನು ಕೂಡಿಸಿ ಕಾಗದದ ಮೇಲೆ ತನ್ನ ಸ್ಥಾನವನ್ನು ಲೆಕ್ಕ ಹಾಕಬೇಕು. ಗಾಳಿಯ ಅಂದಾಜು ಗಂಟೆಗೆ 20 ಮೈಲಿ ತಪ್ಪಿದರೆ ಒಂದು ಗಂಟೆಯ ಬಳಿಕ ಸ್ಥಾನವೂ 20 ಮೈಲಿ ತಪ್ಪಿರುತ್ತದೆ. ಎತ್ತರ ತೋರಿಸುವ ಮಾಪಕವೂ ಅಳೆಯುವುದು ವಾಯುಭಾರವನ್ನೇ ಹೊರತು ಕೆಳಗಿನ ಬೆಟ್ಟವನ್ನಲ್ಲ. ಹೊರಡುವಾಗ ಹೊಂದಿಸಿದ್ದಕ್ಕಿಂತ ವಾಯುಭಾರ 10 ಮಿಲಿಬಾರ್ ಕುಸಿದರೆ ವಿಮಾನವು ಮುಳ್ಳು ತೋರಿಸುವುದಕ್ಕಿಂತ ಸುಮಾರು 300 ಅಡಿ ಕೆಳಗಿರುತ್ತದೆ. ಇದರ ಮೇಲೆ ರೆಕ್ಕೆಗೂ ಎಂಜಿನ್ನಿಗೂ ಹಿಮ ಕಟ್ಟಿಕೊಂಡರೆ ಪೈಲಟ್ಟಿಗೆ ಕೆಳಗಿಳಿಯುವುದಲ್ಲದೆ ಬೇರೆ ದಾರಿ ಕಾಣುವುದಿಲ್ಲ, ಇಳಿಯುವುದಾದರೋ ಮೋಡದೊಳಗೆ. ಆ ದಿನ ಹಿಮಗಾಳಿ ಬೀಸುತ್ತಿತ್ತು. ವಿಮಾನ ಕಿನ್‌ಲಾಸ್‌ಗೆ ಮರಳಲಿಲ್ಲ.

ಅವರು ಸಿಕ್ಕದ್ದು ಮೇ 25ರಂದು, ಆರು ವಾರಗಳ ನಂತರ. ಆಗ ಬ್ರಿಟಿಷ್ ವಾಯುಪಡೆಗೆ ಬೆಟ್ಟದ ರಕ್ಷಣಾ ದಳವೇ ಇರಲಿಲ್ಲ. ವೇಲ್ಸ್‌ನ ಲ್ಯಾಂಡ್‌ವ್ರೋಗ್ ನೆಲೆಯ ವೈದ್ಯಾಧಿಕಾರಿ ಜಾರ್ಜ್ ಗ್ರಹಾಂ ಅವರ ಹಟದಿಂದಾಗಿ ಅಂಥ ದಳ ವಿಧ್ಯುಕ್ತವಾಗಿ ರೂಪುಗೊಂಡದ್ದು 1943ರಲ್ಲಿ. ಅದಕ್ಕೆ ಮುಂಚೆ ಹುಡುಕಲು ಹೋಗುತ್ತಿದ್ದವರು ನೆಲೆಯಲ್ಲಿ ಕೈಗೆ ಸಿಕ್ಕ ಸೈನಿಕರು, ಪೊಲೀಸರು, ಆಸುಪಾಸಿನ ಕುರಿಗಾಹಿಗಳು. ಹಗ್ಗವಾಗಲಿ ಬೆಟ್ಟಕ್ಕೆ ತಕ್ಕ ಬೂಟುಗಳಾಗಲಿ ಎಲ್ಲರಿಗೂ ಇರುತ್ತಿರಲಿಲ್ಲ.

ಹನ್ನೊಂದೂಕಾಲಕ್ಕೆ ಮಂಜು ತುಸು ಸರಿದಾಗ ಕಲ್ಲು ಕಾಣಿಸಿತು. ಮೊದಲು ಇಲ್ಲಿದ್ದದ್ದು ಕಲ್ಲುಗಳನ್ನು ಪೇರಿಸಿದ ಗುಪ್ಪೆ. ಮಳೆ ಹಿಮಗಳಿಗೆ ಅದು ಶಿಥಿಲವಾದ್ದರಿಂದ, ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವು 2013ರಲ್ಲಿ ಸುಮಾರು 600 ಕಿಲೋ ತೂಕದ ಗ್ರಾನೈಟ್ ಫಲಕವನ್ನು ಇರಿಸಿತು. ಅದನ್ನು ಇಲ್ಲಿಗೆ ತಂದದ್ದು ಚಿನೂಕ್ ಹೆಲಿಕಾಪ್ಟರ್. 1941ರಲ್ಲಿ ಆರು ದೇಹಗಳನ್ನು ಕೆಳಗೆ ಒಯ್ಯಲಾಗಲಿಲ್ಲ, ಎಪ್ಪತ್ತೆರಡು ವರ್ಷಗಳ ಬಳಿಕ ಒಂದು ಕಲ್ಲನ್ನು ಮೇಲೆ ತರಲೂ ಕಾಲುದಾರಿ ಸಾಕಾಗಲಿಲ್ಲ.

ಸುತ್ತ ಲೋಹದ ಚೂರುಗಳು ಹರಡಿವೆ. ಮರ, ಬಟ್ಟೆ ಎಂದೋ ಮಣ್ಣಾಗಿವೆ. ತುಕ್ಕು ಹಿಡಿದ ಒಂದು ಕೊಳವೆಯನ್ನು ಗೆಳೆಯ ಎತ್ತಲು ಬಗ್ಗಿ, ಮತ್ತೆ ಕೈ ಹಿಂತೆಗೆದ. 1986ರ ಕಾನೂನಿನ ಪ್ರಕಾರ ಸೇನಾ ವಿಮಾನದ ಅವಶೇಷಗಳನ್ನು ಅನುಮತಿಯಿಲ್ಲದೆ ಕದಲಿಸುವುದು ಅಪರಾಧ. ಅವನು ಕೈ ತೆಗೆದದ್ದು ಕಾನೂನಿಗೆ ಹೆದರಿಯಲ್ಲ ಎಂದು ನನಗನಿಸಿತು. ಬ್ರಿಟನ್ನಿನ ಬಾಂಬರ್ ಕಮಾಂಡ್ ಆ ಯುದ್ಧದಲ್ಲಿ ಕಳೆದುಕೊಂಡ 55,000ಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 8,000 ಮಂದಿ ಸತ್ತದ್ದು ತರಬೇತಿಯಲ್ಲಿ ಮತ್ತು ಇತರ ಅಪಘಾತಗಳಲ್ಲಿ, ಶತ್ರುವಿನ ಗುಂಡಿಗಲ್ಲ. ಓದಿದಾಗ ಈ ಅಂಕಿ ನನ್ನಲ್ಲಿ ಏನನ್ನೂ ಕಲಕಿರಲಿಲ್ಲ. ಇಲ್ಲಿ ಒದ್ದೆ ಹುಲ್ಲಿನಲ್ಲಿ ಕುಳಿತು ಕಲ್ಲಿನ ಮೇಲಿನ ಆರು ಹೆಸರುಗಳನ್ನು ಒಂದೊಂದಾಗಿ ಓದುವಾಗ ಗಂಟಲು ಕಟ್ಟಿತು.

ಇಳಿಯುವಾಗ ಮಳೆ ಹಿಡಿಯಿತು. ಜೌಗಿನಲ್ಲಿ ನಾನು ಎರಡು ಸಲ ಬಿದ್ದೆ, ಗೆಳೆಯ ಒಂದು ಸಲ ತೊಡೆಯವರೆಗೆ ಹೂತುಹೋದ. ಕೆಳಗಿನ ಹಳೆಯ ಚರ್ಚಿನ ಆವರಣದಲ್ಲಿಯೂ, ಅಷ್ಟು ಎತ್ತರಕ್ಕೆ ಹೋಗಲಾಗದವರಿಗೆಂದೋ ಏನೋ, ಆ ಆರು ಮಂದಿಯ ನೆನಪಿಗೆ ಒಂದು ಫಲಕವಿದೆ. ಅದರ ಮುಂದೆ ನಿಂತು ಗಡಿಯಾರ ನೋಡಿದಾಗ ಮೂರು ಗಂಟೆಯಾಗಿತ್ತು. ಬೆನ್ನಿಗೆ ಬುತ್ತಿಯ ಚೀಲವಲ್ಲದೆ ಬೇರೆ ಹೊರೆಯಿಲ್ಲದ ನಮಗೆ ಆ ಐದು ಕಿಲೋಮೀಟರ್ ಇಳಿಯಲು ಮೂರು ಗಂಟೆ ಹಿಡಿದಿತ್ತು.