ಮಳೆ ಬಿದ್ದರೆ ಟ್ರಿಪ್ ಆಗುವ ಮನೆ: ಕಟಪಾಡಿಯ ಕರೆಂಟ್ ಕೆಲಸ ಎಲ್ಲಿಗೆ ಬಂತು

ತುಳುವರ ಆಟಿ ತಿಂಗಳು ಮುಗಿಯುತ್ತಾ ಬಂತು. ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆಯ ಕರೆಂಟ್ ಕೆಲಸ ಮುಕ್ಕಾಲು ಪಾಲು ಆಗಿದೆ, ಹಾಗಾಗಿ ಇದುವರೆಗೆ ಆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಊರಲ್ಲಿ ಹಳೆ ಹೆಂಚಿನ ಮನೆ ಇಟ್ಟುಕೊಂಡು ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಸಿಕ್ಕಿದರೆ ಸಾಕು ಅಂತ ಕಾಯುತ್ತಿರುವವರು ತುಂಬಾ ಜನ ಇದ್ದಾರೆ, ಅವರಿಗೆ ಉಪಯೋಗ ಆಗಲಿ.

ಮನೆ ಅಪ್ಪ ಕಟ್ಟಿಸಿದ್ದು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗೋಡೆ, ಮೇಲೆ ಮಂಗಳೂರು ಹೆಂಚು. ಹಳೆ ಕೋಣೆಗಳಲ್ಲಿ ಮರದ ಪಟ್ಟಿಯ ಮೇಲೆ ಓಡಿಸಿದ ವೈರಿಂಗ್, ಆಮೇಲೆ ಸೇರಿಸಿದ ಅಡುಗೆಮನೆ ಮತ್ತು ಬಚ್ಚಲಿನಲ್ಲಿ ಗೋಡೆಯೊಳಗಿನ ಪೈಪ್ ವೈರಿಂಗ್. ಮೀಟರ್ ಪಕ್ಕ ಇನ್ನೂ ಹಳೆ ಪಿಂಗಾಣಿ ಫ್ಯೂಸ್ ಇದೆ, ಅದರ ಈಚೆ ಎಂಸಿಬಿಗಳ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚುಗಳು) ಬೋರ್ಡು ಮತ್ತು 30 ಮಿಲಿ ಆಂಪಿಯರ್‌ನ ಒಂದು ಇಎಲ್‌ಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು). ಅಂಗಳದಲ್ಲಿ ಬಾವಿ, ಬಾವಿಗೆ ಒಂದು ಎಚ್‌ಪಿ ಪಂಪು. ಗೇಟಿನ ಕಂಬದ ಮೇಲೆ ಒಂದು ಲೈಟು.

ತೊಂದರೆ ಇಷ್ಟೇ: ಮಳೆ ಜೋರಾದರೆ ಇಎಲ್‌ಸಿಬಿ ಬೀಳುತ್ತದೆ, ಅಂದರೆ ಟ್ರಿಪ್ ಆಗಿ ಕರೆಂಟ್ ಹೋಗುತ್ತದೆ. ಎತ್ತಿದರೆ ನಿಲ್ಲುವುದಿಲ್ಲ. ಮಧ್ಯಾಹ್ನ ಹೇಗೋ ನಿಂತರೂ ಸಂಜೆ ಏಳರ ಮೇಲೆ ಖಂಡಿತ ಬೀಳುತ್ತದೆ. ಎಲ್ಲ ಎಂಸಿಬಿ ಆಫ್ ಮಾಡಿದರೂ ಬೀಳುತ್ತದೆ! ಮನೆಯಲ್ಲಿ ಅಮ್ಮ ಒಬ್ಬರೇ. ರಾತ್ರಿ ಟಾರ್ಚ್ ಹಿಡಿದುಕೊಂಡು ಬೋರ್ಡಿನ ಹತ್ತಿರ ಹೋಗುವುದು ಅವರಿಗೆ ಬೇಡ ಅನ್ನುವುದೇ ಈ ಕೆಲಸ ಶುರು ಮಾಡಲಿಕ್ಕೆ ಕಾರಣ.

ಮೇ

ಮೇ ತಿಂಗಳಲ್ಲಿ ನಮ್ಮ ಕಡೆ ಎಲೆಕ್ಟ್ರಿಷಿಯನ್ ಹುಡುಕುವುದು ಕಷ್ಟ. ಮದುವೆ, ಗೃಹಪ್ರವೇಶ, ಕೋಲ, ನೇಮ, ಎಲ್ಲ ಕಡೆ ಲೈಟಿಂಗ್. ಕೈಯಲ್ಲಿ ಕೆಲಸ ಇರುವವರೆಲ್ಲ ಅಲ್ಲೇ ಇರುತ್ತಾರೆ. ಕೋಲ-ನೇಮಗಳ ಕಾಲ ಮುಗಿಯುವ ಪತ್ತನಾಜೆ ಕಳೆಯುವವರೆಗೆ, ಅಂದರೆ ಮೇ 24ರ ಆಸುಪಾಸಿನವರೆಗೆ, ಫೋನ್ ಎತ್ತಿದರೂ "ಆಯ್ತು, ನಾಳೆ ಬರ್ತೇನೆ" ಅನ್ನುವ ಮಾತು ಮಾತ್ರ ಸಿಗುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ವರ್ಷದ ದುಡಿಮೆಯ ದೊಡ್ಡ ಪಾಲು ಅವರಿಗೆ ಬರುವುದೇ ಆ ದಿನಗಳಲ್ಲಿ.

ಕೊನೆಗೆ ಒಬ್ಬರು ಬಂದರು. ಟೆಸ್ಟರ್ ಹಿಡಿದು ಎರಡು ಸಾಕೆಟ್ ಮುಟ್ಟಿ ನೋಡಿ, "ಅಕ್ಕ, ಈ ಇಎಲ್‌ಸಿಬಿ ಹಾಳಾಗಿದೆ. ಡೈರೆಕ್ಟ್ ಮಾಡಿ ಕೊಡ್ತೇನೆ, ಮತ್ತೆ ಟ್ರಿಪ್ಪೇ ಆಗುದಿಲ್ಲ" ಅಂದರು. ನಾನು ಬೇಡ ಅಂದೆ. ಬಂದದ್ದಕ್ಕೆ ಕೊಡಬೇಕಾದ್ದನ್ನು ಕೊಟ್ಟು ಕಳುಹಿಸಿದೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಈ ಡೈರೆಕ್ಟ್ ಮಾಡುವ ಕೆಲಸ, ಅಂದರೆ ಇಎಲ್‌ಸಿಬಿ ತಪ್ಪಿಸಿ ನೇರ ಲೈನ್ ಕೊಡುವುದು, ಊರಲ್ಲಿ ಎಷ್ಟೋ ಮನೆಗಳಲ್ಲಿ ಆಗಿದೆ. ಎಂಸಿಬಿ ಇದೆಯಲ್ಲ, ಅದು ಸಾಕು ಅಂತ ಜನ ಅಂದುಕೊಳ್ಳುತ್ತಾರೆ. ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಸಾಕಾಗುವುದಿಲ್ಲ. ಮುರಕಲ್ಲಿನಲ್ಲಿ ಅರ್ಥಿಂಗ್, ಅಂದರೆ ಸೋರಿದ ಕರೆಂಟ್ ನೆಲಕ್ಕೆ ಇಳಿಯುವ ದಾರಿ, ಚೆನ್ನಾಗಿ ಸಿಗುವುದಿಲ್ಲ, ಬೇಸಿಗೆಯಲ್ಲಿ ನೆಲ ಒಣಗಿದ ಮೇಲಂತೂ ಕೇಳುವುದೇ ಬೇಡ. ನಮ್ಮ ಅರ್ಥಿಂಗ್ ಆಮೇಲೆ ಅಳೆದಾಗ 20 ಓಮ್ ದಾಟಿತ್ತು, ಇದು ಕಡಿಮೆ ಇದ್ದಷ್ಟು ಒಳ್ಳೆಯದು. ಲೆಕ್ಕ ಹಾಕಿ ನೋಡಿ: ಪಂಪಿಗೆ ಕರೆಂಟ್ ತರುವ ಫೇಸ್ ವಯರ್ ಅದರ ಬಾಡಿಗೆ ತಾಗಿತು ಅಂದುಕೊಳ್ಳುವ. 230 ವೋಲ್ಟ್, 20 ಓಮ್, ಅಂದರೆ ಭೂಮಿಗೆ ಹೋಗುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಅದು ದಿನನಿತ್ಯದ ಲೋಡು, ಅದು ಬೀಳುವುದೇ ಇಲ್ಲ. ಪಂಪಿನ ಬಾಡಿಯಲ್ಲಿ, ಅದಕ್ಕೆ ಸೇರಿದ ಕಬ್ಬಿಣದ ಪೈಪಿನಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ, ಒದ್ದೆ ಕಾಲಿನಲ್ಲಿ ಯಾರಾದರೂ ಮುಟ್ಟುವವರೆಗೆ. ಇಎಲ್‌ಸಿಬಿಗೆ 30 ಮಿಲಿ ಆಂಪಿಯರ್ ಸಾಕು, ಅಂದರೆ ಒಂದು ಆಂಪಿಯರ್‌ನ ನೂರರಲ್ಲಿ ಮೂರು ಪಾಲು. ಅರ್ಥಿಂಗ್ ಸುಮಾರಾಗಿದ್ದರೂ ಅದು ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಹಾಗಾಗಿ ಅದನ್ನು ಕಿತ್ತು ಹಾಕುತ್ತೇನೆ ಅನ್ನುವವರನ್ನು ಮನೆಯ ಬೋರ್ಡಿಗೆ ಕೈ ಹಾಕಲು ಬಿಡಬೇಡಿ, ಅವರು ಎಷ್ಟೇ ಪರಿಚಯದವರಾಗಿರಲಿ.

ಜೂನ್

ಮಳೆ ಹಿಡಿಯಿತು. ಮೊದಲು ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿದೆ. ನಮ್ಮ ಕಡೆಯ ಕರೆಂಟ್ ಕಂಪನಿ ಮೆಸ್ಕಾಂನ ಲೈನ್‌ಮ್ಯಾನ್ ಬಂದು ಕಂಬದ ಜಾಯಿಂಟ್, ಸರ್ವಿಸ್ ವಯರ್, ಮೀಟರ್ ಎಲ್ಲ ನೋಡಿದರು. ಎಲ್ಲ ಸರಿ ಇತ್ತು. "ಮೀಟರಿಂದ ಈಚೆ ನಿಮ್ಮದು, ಅದನ್ನು ನೀವೇ ಮಾಡಿಸ್ಬೇಕು" ಅಂದರು. ಅದು ನಿಯಮವೂ ಹೌದು. ಆದರೆ ಹೊರಗೆ ತೊಂದರೆ ಇಲ್ಲ ಅಂತ ಖಾತ್ರಿ ಆಯಿತು, ಅದೇ ದೊಡ್ಡ ಉಪಕಾರ.

ಇನ್ನು ಹುಡುಕುವ ದಾರಿ. ಮೊಬೈಲ್ ಆ್ಯಪ್‌ಗಳೆಲ್ಲ ದೊಡ್ಡ ಪೇಟೆಗೆ ಸರಿ, ನಮ್ಮಂಥ ಕಡೆಗೆ ಜನ ಬರುವುದು ಕಷ್ಟ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೆ ನಂಬರ್ ಸಿಗುತ್ತದೆ, ಆದರೆ ಅಂಗಡಿಯವರು ಹೇಳುವುದು ಹೆಚ್ಚು ಸಾಮಾನು ಒಯ್ಯುವವರ ಹೆಸರನ್ನು. ನನಗೆ ಸರಿಯಾದ ಜನ ಸಿಕ್ಕಿದ್ದು ಪಂಪು ರಿವೈಂಡಿಂಗ್ ಮಾಡುವ ಅಂಗಡಿಯಿಂದ. ಸುಟ್ಟ ಮೋಟಾರು ಹಿಡಿದುಕೊಂಡು ಅಲ್ಲಿಗೆ ಎಲ್ಲ ಎಲೆಕ್ಟ್ರಿಷಿಯನ್‌ಗಳೂ ಬರುತ್ತಾರೆ. ಯಾರು ಸುಟ್ಟ ಕಾರಣ ನೋಡಿ ಸರಿ ಮಾಡುತ್ತಾರೆ, ಯಾರ ಪಂಪು ಪದೇ ಪದೇ ಸುಟ್ಟು ವಾಪಸ್ ಬರುತ್ತದೆ ಅನ್ನುವುದು ಆ ಅಂಗಡಿಯವರಿಗೆ ಗೊತ್ತಿರುತ್ತದೆ. ನಾನು ಕೇಳಿದ್ದು ಹೀಗೆ: "ನಿಮ್ಮ ಮನೆಯ ಬೋರ್ಡ್ ಕೆಟ್ಟರೆ ಯಾರನ್ನು ಕರೀತೀರಿ?" ಅವರು ಸ್ವಲ್ಪ ಯೋಚಿಸಿ ಶಿರ್ವ ಕಡೆಯ ಒಬ್ಬರ ನಂಬರ್ ಕೊಟ್ಟರು.

ಫೋನಿನಲ್ಲಿ ನಾನು ಕೇಳಿದ ಮೊದಲ ಮಾತು, ಮೆಗ್ಗರ್ ಇದೆಯಾ ಅಂತ. ವಯರಿನ ಇನ್ಸುಲೇಶನ್ ಅಳೆಯುವ ಮೀಟರ್ ಅದು, 500 ವೋಲ್ಟ್ ಬಿಟ್ಟು ನೋಡುತ್ತದೆ. ಟ್ರಿಪ್ ಆಗುವ ಮನೆಗೆ ಅದಿಲ್ಲದೆ ಬಂದರೆ ಸುಮ್ನೆ ಊಹೆ ಮಾಡಬೇಕಷ್ಟೇ. ಅವರು, "ಉಂಟು ಅಕ್ಕ. ಆದ್ರೆ ನಾನು ಬರುವಾಗ ಮನೆಯಲ್ಲಿ ಯಾರಾದ್ರೂ ಇರ್ಬೇಕು, ಯಾವ ಸ್ವಿಚ್ಚಿಗೆ ಯಾವ ಲೈಟು ಅಂತ ಹೇಳ್ಲಿಕ್ಕೆ" ಅಂದರು. ಆ ಉತ್ತರ ಕೇಳಿಯೇ ನನಗೆ ಧೈರ್ಯ ಬಂತು. ರೇಟು ಆಮೇಲೆ ಕೇಳಿದೆ. ಹೊಸ ವೈರಿಂಗಿಗೆ ಪಾಯಿಂಟ್ ಲೆಕ್ಕ ಸರಿ. ಆದರೆ ಕೆಟ್ಟದ್ದು ಎಲ್ಲಿ ಅಂತ ಹುಡುಕುವ ಕೆಲಸಕ್ಕೆ ದಿನದ ಸಂಬಳ ಕೊಡುವುದೇ ನ್ಯಾಯ. ಪಾಯಿಂಟ್ ಲೆಕ್ಕದಲ್ಲಿ ಹುಡುಕುವ ಹೊತ್ತಿಗೆ ಬೆಲೆಯೇ ಇರುವುದಿಲ್ಲ, ಬದಲಿಸಿದ್ದಕ್ಕೆ ಮಾತ್ರ ಇರುತ್ತದೆ.

ಕಾರಣ ಸಿಕ್ಕಿದ ದಿನ

ಅವರು ಬಂದು ಮೊದಲು ಯಾವುದನ್ನೂ ಬಿಚ್ಚಲಿಲ್ಲ. ಅಮ್ಮನ ಹತ್ತಿರ ಕೂತು ಕೇಳಿದರು: ಯಾವಾಗ ಬೀಳ್ತದೆ, ಬಿಸಿಲು ಬಂದ ಮೇಲೆ ಎಷ್ಟು ಹೊತ್ತಿಗೆ ಸರಿ ಆಗ್ತದೆ, ಪಂಪು ಹಾಕಿದಾಗಲೋ ಹಾಕದೆ ಇದ್ದಾಗಲೋ. ಎಂಸಿಬಿ ಎಲ್ಲ ಆಫ್ ಮಾಡಿದರೂ ಬೀಳುತ್ತದೆ ಅಂದಾಗ, "ಹಾಗಾದ್ರೆ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದೆ" ಅಂದರು.

ಇದು ನನಗೂ ಹೊಸತು. ಮನೆಯ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವಯರ್, ಹಾಗೇ ಇರುತ್ತದೆ. ಬೀದಿಯ ನ್ಯೂಟ್ರಲ್ ವಯರಿನಲ್ಲಿ ಅಕ್ಕಪಕ್ಕದ ಮನೆಗಳ ಲೋಡಿನಿಂದ ಒಂದೆರಡು ವೋಲ್ಟ್ ಯಾವಾಗಲೂ ಇರಬಹುದು. ನಮ್ಮಲ್ಲಿ ನ್ಯೂಟ್ರಲ್ ನೆಲಕ್ಕೆ ತಾಗಿದ್ದರೆ ಆ ಸಣ್ಣ ವೋಲ್ಟೇ ಇಎಲ್‌ಸಿಬಿ ಬೀಳಿಸಲು ಸಾಕು. ಸಂಜೆ ಏಳರ ಮೇಲೆ ಎಲ್ಲರ ಮನೆಯಲ್ಲೂ ಗೀಸರ್, ಫ್ಯಾನ್, ಟಿವಿ ಓಡುತ್ತದೆ, ಆ ವೋಲ್ಟ್ ಜಾಸ್ತಿ ಆಗುತ್ತದೆ. ಸಂಜೆಯೇ ಯಾಕೆ ಬೀಳುತ್ತಿತ್ತು ಅನ್ನುವುದು ಆಗ ಗೊತ್ತಾಯಿತು.

ಮೇನ್ ಆಫ್ ಮಾಡಿದರು. ಫ್ರಿಜ್, ಟಿವಿ, ಇನ್ವರ್ಟರ್ ಎಲ್ಲದರ ಪ್ಲಗ್ ತೆಗೆಸಿದರು, ಎಲ್‌ಇಡಿ ಬಲ್ಬುಗಳನ್ನೂ ಕಳಚಿಸಿದರು, ಮೆಗ್ಗರ್ ವೋಲ್ಟಿಗೆ ಅವು ಹಾಳಾಗಬಾರದು ಅಂತ. ಆಮೇಲೆ ನ್ಯೂಟ್ರಲ್ ಪಟ್ಟಿಯಿಂದ ಕಪ್ಪು ವಯರುಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದಕ್ಕೂ ಪ್ಲಾಸ್ಟರ್ ತುಂಡು ಸುತ್ತಿ ಅದರ ಮೇಲೆ ಪೆನ್ನಿನಲ್ಲಿ ಬರೆದರು: ಚಾವಡಿ, ಅಡಿಗೆ, ಬಚ್ಚಲು, ಪಂಪು, ಗೇಟು. ಒಂದೊಂದಕ್ಕೂ ಮೆಗ್ಗರ್ ಇಟ್ಟರು. ಚಾವಡಿಯದ್ದು ಒಳ್ಳೆ ಮೆಗಾಓಮ್ ತೋರಿಸಿತು. ಅಡಿಗೆಯದ್ದು ಸ್ವಲ್ಪ ಕಡಿಮೆ. ಗೇಟಿನದ್ದಕ್ಕೆ ಇಟ್ಟಾಗ ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ. ಒಂದು ಮೆಗಾಓಮ್‌ಗಿಂತ ಕೆಳಗೆ ಬಂದರೇ ಚಿಂತೆ ಮಾಡಬೇಕಂತೆ, ಇಲ್ಲಿ ಏನೂ ಉಳಿದೇ ಇರಲಿಲ್ಲ.

ಗೇಟಿನ ಕಂಬದ ಬುಡದಲ್ಲಿ ಅಗೆದಾಗ ಪೈಪಿನ ತುಂಬ ನೀರು. ಅದರೊಳಗೆ ವಯರಿಗೆ ಒಂದು ಜಾಯಿಂಟ್, ಬರೇ ಟೇಪ್ ಸುತ್ತಿದ್ದು. ಟೇಪ್ ಬಿಡಿಸಿದರೆ ತಾಮ್ರ ಹಸಿರು ಹಿಡಿದಿತ್ತು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಪಕ್ಕದಲ್ಲೇ ಅರ್ಥ್ ವಯರಿನ ಜಾಯಿಂಟ್ ಕೂಡ ಅದೇ ನೀರಿನಲ್ಲಿ ಮುಳುಗಿತ್ತು.

ಗೇಟಿನ ಲೈನ್ ಬಿಚ್ಚಿಟ್ಟು ಉಳಿದದ್ದನ್ನು ಜೋಡಿಸಿದರು. ಆ ರಾತ್ರಿ ಜೋರು ಮಳೆ ಬಂತು, ಇಎಲ್‌ಸಿಬಿ ಬೀಳಲಿಲ್ಲ. ಹೊಸ ಇಎಲ್‌ಸಿಬಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಹಳೆಯದು ಮೊದಲಿಂದಲೂ ತನ್ನ ಕೆಲಸವನ್ನೇ ಮಾಡುತ್ತಿತ್ತು.

ಜುಲೈ, ಆಟಿ

ಆಟಿಯಲ್ಲಿ ಶುಭಕಾರ್ಯ ಇಲ್ಲ, ಕೆಲಸದವರಿಗೆ ಬಿಡುವು ಇರುತ್ತದೆ. ಒಳಗಿನ ಕೆಲಸ ಮಾಡಿಸುವುದಿದ್ದರೆ ನಮ್ಮ ಕಡೆ ಇದೇ ಒಳ್ಳೆ ಸಮಯ. ಈಗ ಕೇಳಿದರೆ ಹೇಳಿದ ದಿನಕ್ಕೇ ಬರುತ್ತಾರೆ, ಆತುರ ಇಲ್ಲದೆ ಮಾಡುತ್ತಾರೆ.

ಗೇಟಿಗೆ ನಡುವೆ ಜಾಯಿಂಟ್ ಇಲ್ಲದ ಒಂದೇ ಉದ್ದದ ಮೂರು ಕೋರ್ ಕೇಬಲ್ ಹಾಕಿದ್ದಾಯಿತು. ಗೇಟು ಮತ್ತು ಪಂಪು ಎರಡಕ್ಕೂ ಡಬಲ್ ಪೋಲ್ ಎಂಸಿಬಿ ಹಾಕಿದ್ದಾರೆ. ಅದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಇನ್ನು ಮುಂದೆ ಹೊರಗಿನ ಲೈನಿನಲ್ಲಿ ಏನಾದರೂ ಆದರೆ ಅಮ್ಮ ಆ ಎರಡನ್ನು ಕೆಳಗೆ ಮಾಡಿದರೆ ಸಾಕು, ಮನೆಯೊಳಗೆ ಕರೆಂಟ್ ಉಳಿಯುತ್ತದೆ. ಹಳೆ ಮನೆಗೆ ಬೇರೇನೂ ಮಾಡಿಸದಿದ್ದರೂ ಇದೊಂದನ್ನು ಮಾಡಿಸಿ. ಖರ್ಚು ಕಡಿಮೆ, ನೆಮ್ಮದಿ ಜಾಸ್ತಿ.

ಅಡುಗೆಮನೆಯ ವಯರು ಬದಲಿಸಿದ್ದೇವೆ: ಲೈಟಿಗೆ 1.5 ಸ್ಕ್ವೇರ್ ಎಂಎಂ, ಸಾಕೆಟ್ಟಿಗೆ 2.5, ಗೀಸರಿಗೆ 4. ಸಾಮಾನು ನಾನೇ ಬಿಲ್ ಹಾಕಿಸಿ ತಂದೆ, 90 ಮೀಟರಿನ ಕಾಯಿಲ್, ಐಎಸ್‌ಐ ಗುರುತು ನೋಡಿ. ಅವರು ಚೀಟಿ ಬರೆದುಕೊಟ್ಟರು, ಯಾವ ಅಂಗಡಿ ಅಂತ ಹೇಳಲಿಲ್ಲ. ಅದೂ ನನಗೆ ಇಷ್ಟವಾಯಿತು.

ಹೊಸ ಅರ್ಥಿಂಗ್ ಎಲ್ಲಿ ಅನ್ನುವುದಕ್ಕೆ ಅಮ್ಮ ಜಾಗ ತೋರಿಸಿದರು. ಬಚ್ಚಲಿನ ನೀರು ಹೋಗಿ ಬೀಳುವ ತೆಂಗಿನಮರದ ಹತ್ತಿರ. ಅಲ್ಲಿ ಬೇಸಿಗೆಯಲ್ಲೂ ನೆಲ ಒದ್ದೆ ಇರುತ್ತದೆ. ಎಲೆಕ್ಟ್ರಿಷಿಯನ್ ಕೂಡಲೇ ಒಪ್ಪಿದರು. ಸ್ವಲ್ಪ ಮಣ್ಣು, ಆಮೇಲೆ ಮುರಕಲ್ಲು, ಎರಡೂವರೆ ಮೀಟರ್ ಪೈಪ್ ಇಳಿಸಲು ಕಲ್ಲು ಒಡೆಯುವ ಬ್ರೇಕರ್ ತರಿಸಬೇಕಾಯಿತು. ಸುತ್ತ ಉಪ್ಪು ಹಾಕದೆ ಬೆಂಟೊನೈಟ್ ಪುಡಿ ತುಂಬಿದ್ದೇವೆ, ಉಪ್ಪು ಪೈಪನ್ನು ತಿನ್ನುತ್ತದೆ. ಈಗ ಅಳೆದರೆ 5 ಓಮ್‌ನೊಳಗೆ ಇದೆ.

ಬಾಕಿ ಇರುವುದು

ಚಾವಡಿ ಮತ್ತು ಅಟ್ಟದ ಮರದ ಪಟ್ಟಿಯ ವೈರಿಂಗ್ ಹಾಗೇ ಇದೆ. ಅಟ್ಟದಲ್ಲಿ ಇಲಿ ಕಡಿದ ಗುರುತು ಉಂಟು, ಆದರೆ ಹೆಂಚು ತೆಗೆಯದೆ ಅಲ್ಲಿಗೆ ಕೈ ಹೋಗುವುದಿಲ್ಲ, ಮಳೆಯಲ್ಲಿ ಹೆಂಚು ತೆಗೆಯುವ ಹಾಗಿಲ್ಲ. ನವರಾತ್ರಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಅಟ್ಟದ ಲೈನ್ ಬಿಚ್ಚಿಟ್ಟಿದ್ದೇವೆ.

ಪಿಂಗಾಣಿ ಫ್ಯೂಸ್ ತೆಗೆದು ಮೇನ್ ಬದಲಿಸುವುದು ಮತ್ತು ಮೆಸ್ಕಾಂನಿಂದ ಮನೆಗೆ ಮಂಜೂರಾದ ಲೋಡ್ ಹೆಚ್ಚಿಸುವುದು ಒಟ್ಟಿಗೆ ಮಾಡಬೇಕು. ಲೋಡ್ ಹೆಚ್ಚಿಸಲು ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿ ಬೇಕು, ನಮ್ಮವರು ಕೆಲಸ ಮಾಡುವುದು ಅಂಥ ಒಬ್ಬರ ಕೈಕೆಳಗೇ, ಹಾಗಾಗಿ ಆ ಓಡಾಟ ತಪ್ಪಿತು.

ಅಮ್ಮ ಈಗ ತಿಂಗಳಿಗೊಮ್ಮೆ ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿ, ಬಿತ್ತು ಅಂತ ನನಗೆ ಫೋನ್ ಮಾಡುತ್ತಾರೆ.

ಅರ್ಥಿಂಗಿನ ಈಗಿನ ಅಂಕಿಯನ್ನು ನಾನು ಪೂರ್ತಿ ನಂಬಿಲ್ಲ, ನೆಲವೆಲ್ಲ ನೀರಾಗಿರುವಾಗ ಯಾವ ಅರ್ಥಿಂಗೂ ಚೆನ್ನಾಗಿಯೇ ತೋರಿಸುತ್ತದೆ. ಮಾರ್ಚ್ ಕೊನೆಗೆ, ನೆಲ ಪೂರ್ತಿ ಒಣಗಿದ ಮೇಲೆ ಅದೇ ಮೀಟರಿನಲ್ಲಿ ಇನ್ನೊಮ್ಮೆ ಅಳೆಸುತ್ತೇನೆ. ಆಗಲೂ 5ರೊಳಗೆ ಬಂದರೆ ಇದು ಮುಗಿಯಿತು, ಬಾರದಿದ್ದರೆ ಬಾವಿಕಟ್ಟೆಯ ಹತ್ತಿರ ಇನ್ನೊಂದು ಪೈಪ್ ಇಳಿಸಿ ಎರಡನ್ನೂ ಜೋಡಿಸುವುದು ಅಂತ ಮಾತಾಗಿದೆ.